ಕೂಲರ್ ಹಚ್ಚಿದರೆ ಪಟಪಟ: ಕಲಬುರಗಿಯ ಒಂದು ಕಂಡೆನ್ಸರ್ ಮೈಕಿನ ರಿಪೇರಿ ಪ್ರಕರಣ

ಕಲಬುರಗಿಯ ಬ್ರಹ್ಮಪುರದ ಒಂದು ಮನೆಯ ಮಾಳಿಗೆ ಕೋಣೆಯಲ್ಲಿ ತತ್ವಪದ, ಭಜನೆಗಳ ಧ್ವನಿಮುದ್ರಣಕ್ಕೆ ಇಟ್ಟುಕೊಂಡಿದ್ದ ದೊಡ್ಡ ಡಯಾಫ್ರಮಿನ (ದನಿಗೆ ನಡುಗುವ ಪೊರೆಯ) ಕಂಡೆನ್ಸರ್ ಮೈಕ್ ಇದು. ದೊಡ್ಡ ಕಂಪನಿಯ ಮಾಲಲ್ಲ. ಆದರೆ ಒಳಗಿನ ಸರ್ಕ್ಯೂಟು ಕಡಿಮೆ ಬೆಲೆಯ ಸ್ಟುಡಿಯೋ ಮೈಕುಗಳಲ್ಲಿ ಪದೇ ಪದೇ ಸಿಗುವ, ಜರ್ಮನಿಯ ಮೈಕ್ ಕಂಪನಿ ಷೂಪ್ಸ್‌ನ ಮಾದರಿಯದೇ: ಮುಂದೆ ಒಂದು ಎಫ್‌ಇಟಿ (ಕ್ಷೀಣ ಸಿಗ್ನಲ್ಲನ್ನು ಮೊದಲು ಹಿಡಿಯುವ ಬಗೆಯ ಟ್ರಾನ್ಸಿಸ್ಟರ್), ಹಿಂದೆ ಎರಡು ಪಿಎನ್‌ಪಿ ಟ್ರಾನ್ಸಿಸ್ಟರ್, ಕ್ಯಾಪ್ಸೂಲಿಗೆ (ಪೊರೆಯಿರುವ ತಲೆಭಾಗಕ್ಕೆ) ವೋಲ್ಟೇಜ್ ಎತ್ತಿಕೊಡುವ ಪುಟ್ಟ ಆಸಿಲೇಟರ್. ಹಾಗಾಗಿ ಇಲ್ಲಿ ಸಿಕ್ಕ ದೋಷಗಳು ಇಂಥ ಬೇರೆ ಮೈಕುಗಳಲ್ಲೂ ಸಿಗುತ್ತವೆ.

ದೂರು ಹೀಗಿತ್ತು: "ಕೂಲರ್ ಹಚ್ಚಿದ ಮ್ಯಾಗ ಪಟಪಟ ಅಂತದ್ರಿ. ಹಿಂದ ಸುಂಯ್ ಅನ್ನೋದು ಯಾವಾಗ್ಲೂ ಅದ. ದನಿನೂ ತೆಳ್ಳಗ ಆಗ್ಯಾದ್ರಿ." ಮೂರು ಮಾತು, ಮೂರು ಬೇರೆ ಬೇರೆ ಲಕ್ಷಣ. ಇವನ್ನೆಲ್ಲ ಒಂದೇ ಗಂಟು ಕಟ್ಟಿ "ಮೈಕ್ ನಾಯ್ಸ್ ಬರ್ತದ" ಎಂದು ಬರೆದುಕೊಂಡರೆ ಅಲ್ಲಿಗೇ ದಾರಿ ತಪ್ಪಿತು. ಪಟಪಟ ಸದ್ದು ಸಾಮಾನ್ಯವಾಗಿ ಎಲ್ಲೋ ಕರೆಂಟು ಸೋರುತ್ತಿರುವುದರ ಗುರುತು. ಒಂದೇ ಸಮನೆ ಬರುವ ಸುಂಯ್ ಮೊದಲ ಹಂತದ ಎಫ್‌ಇಟಿ ಕಡೆಗೆ ಬೆರಳು ತೋರಿಸುತ್ತದೆ. ದನಿ ತೆಳ್ಳಗಾಗಿದೆ ಎಂದರೆ ಕೆಳಗಿನ ಸ್ವರಗಳು ಎಲ್ಲೋ ಕಡಿದುಹೋಗಿವೆ.

ಮೈಕು ಅದಕ್ಕೂ ಮುಂಚೆ ಬೇರೆ ಕಡೆ ಒಮ್ಮೆ ರಿಪೇರಿಯಾಗಿತ್ತು. ಆಗ ಎಫ್‌ಇಟಿ, ಒಂದು ಸಣ್ಣ ಕೆಪಾಸಿಟರ್, ಮೂರು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಬದಲಾಗಿದ್ದವು. ಪಟಪಟ ಹಾಗೇ ಉಳಿದಿತ್ತು. ಸುಂಯ್ ಮತ್ತು ತೆಳು ದನಿ ಶುರುವಾದದ್ದೇ ಆ ರಿಪೇರಿಯ ನಂತರ. ಗಿರಾಕಿಯಿಂದ ಮೊದಲು ಕೇಳಿ ತಿಳಿಯಬೇಕಾದ್ದು ಇದನ್ನೇ. ಹಿಂದಿನ ಕೈ ಯಾವ ಭಾಗ ಮುಟ್ಟಿದೆ ಎಂದು ಗೊತ್ತಾದರೆ ಬೋರ್ಡಿನ ಅರ್ಧ ಓದು ಅಲ್ಲೇ ಮುಗಿಯುತ್ತದೆ.

ಬಿಚ್ಚುವ ಮುಂಚೆ

ಕೇಬಲ್ ಬದಲಿಸಿ, ಮಿಕ್ಸರಿನ ಚಾನೆಲ್ ಬದಲಿಸಿ, ಅದೇ ಚಾನೆಲಿಗೆ ಬೇರೆ ಮೈಕು ಹಾಕಿ ನೋಡಿದಾಗ ದೋಷ ಮೈಕಿನಲ್ಲೇ ಎಂದು ಖಚಿತವಾಯಿತು. ಫ್ಯಾಂಟಮ್ ವೋಲ್ಟೇಜು (ಮಿಕ್ಸರು ಕೇಬಲಿನಲ್ಲೇ ಮೈಕಿಗೆ ಕಳಿಸುವ ವಿದ್ಯುತ್ತು) 47.4 ಇತ್ತು, 48ಕ್ಕೆ ನಾಲ್ಕು ವೋಲ್ಟ್ ಆಚೆ ಈಚೆ ನಡೆಯುತ್ತದೆ. ಮೈಕು ಜೋಡಿಸಿದ ಮೇಲೆ ಎಕ್ಸ್‌ಎಲ್‌ಆರ್ (ಮೈಕಿನ ಮೂರು ಪಿನ್ನಿನ ಕನೆಕ್ಟರ್) 2ನೇ ಪಿನ್ನಿನಲ್ಲಿ 36.2, 3ನೇ ಪಿನ್ನಿನಲ್ಲಿ 36.0 ವೋಲ್ಟ್ ಬಂತು. ಮಿಕ್ಸರಿನ ಒಳಗೆ ಎರಡೂ ಪಿನ್ನಿಗೆ 6.8 ಕಿಲೋ ಓಮಿನ ರೆಸಿಸ್ಟರುಗಳಿರುತ್ತವೆ. ಅಂದರೆ ಒಂದೊಂದು ಪಿನ್ನಿನಿಂದ ಮೈಕು ಎಳೆಯುತ್ತಿರುವುದು ಸುಮಾರು 1.7 ಮಿಲಿ ಆಂಪಿಯರ್. ಎರಡು ಪಿನ್ನುಗಳ ನಡುವೆ ಎರಡು ಮೂರು ವೋಲ್ಟಿನ ಅಂತರವಿದ್ದರೆ ಹಿಂದಿನ ಪಿಎನ್‌ಪಿ ಜೋಡಿಯಲ್ಲಿ ಒಂದು ಕೆಟ್ಟಿದೆ ಎಂದು ಮುಚ್ಚಳ ತೆಗೆಯದೆಯೇ ಹೇಳಬಹುದು. ಇಲ್ಲಿ ಜೋಡಿ ಸರಿಯಾಗಿಯೇ ಇತ್ತು.

ಕೂಲರ್ ಬಂದ್ ಮಾಡಿ, ಮೈಕನ್ನು ದಿಂಬಿನಡಿ ಇಟ್ಟು ಒಂದು ನಿಮಿಷದ ಮೌನವನ್ನು ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಮುದ್ರಿಸಿಟ್ಟುಕೊಳ್ಳಬೇಕು. ಗೇನ್ ಗುಬ್ಬಿ ಎಲ್ಲಿತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಬೇಕು. ರಿಪೇರಿಯ ನಂತರ ಅದೇ ಗುರುತಿನಲ್ಲಿ ಮತ್ತೆ ಮುದ್ರಿಸಿ ಹೋಲಿಸದಿದ್ದರೆ "ಕಮ್ಮಿ ಆಗ್ಯಾದ ಅನಸ್ತದ" ಎಂಬ ಮಾತಿನ ಮೇಲೇ ಕೆಲಸ ಮುಗಿಸಬೇಕಾಗುತ್ತದೆ.

ಬಿಡಿಭಾಗಗಳ ಗುರುತು

ತಳದ ಉಂಗುರ ತಿರುಗಿಸಿ ಮೈಕಿನ ಹೊರ ಕೊಳವೆ ಜಾರಿಸಿದರೆ ಬೋರ್ಡಿನ ಎರಡೂ ಮಗ್ಗುಲು ಕಾಣುತ್ತವೆ. ಫ್ಯಾಂಟಮ್ ತೆಗೆದು ಐದು ನಿಮಿಷ ಬಿಟ್ಟು ಕೈ ಹಾಕಬೇಕು. ಕ್ಯಾಪ್ಸೂಲಿನ ಪೊರೆಯನ್ನು ಬೆರಳಿನಿಂದ, ಬಟ್ಟೆಯಿಂದ, ಬ್ರಷ್ಷಿನಿಂದ ಮುಟ್ಟಬಾರದು. ಚಿನ್ನದ ಲೇಪ ಒರೆಸಿದರೆ ಬರುವುದು ಧೂಳಲ್ಲ, ಚಿನ್ನವೇ.

ಎಕ್ಸ್‌ಎಲ್‌ಆರ್ ಕಡೆಯಿಂದ ಹಿಂದಕ್ಕೆ ಓದುತ್ತ ಬಂದರೆ ಗುರುತು ಹಿಡಿಯುವುದು ಸುಲಭ. 2 ಮತ್ತು 3ನೇ ಪಿನ್ನಿಗೆ ತಗುಲಿದ ಎರಡು ಮೂರುಕಾಲಿನ ಭಾಗಗಳು 2ಎನ್5401. ಚಪ್ಪಟೆ ಮುಖ ನಮ್ಮ ಕಡೆಗಿಟ್ಟರೆ ಕಾಲುಗಳು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಇದು ಸಿಗದಿದ್ದಾಗ ಬಿಸಿ557 ಹಾಕುವ ರೂಢಿಯಿದೆ. ಅದರ ಕಾಲುಗಳು ತದ್ವಿರುದ್ಧ, ತಾಳಿಕೆಯೂ 45 ವೋಲ್ಟ್ ಮಾತ್ರ, 5401ದು 150. ಚಿಪ್ ರೂಪದ ಬೋರ್ಡಿನಲ್ಲಿ ಇದೇ ಟ್ರಾನ್ಸಿಸ್ಟರಿನ ಮೇಲೆ 2ಎಲ್ ಎಂದಷ್ಟೇ ಬರೆದಿರುತ್ತದೆ.

ಸಣ್ಣ ಸುರುಳಿಯ ಪಕ್ಕದ ಎನ್‌ಪಿಎನ್ ಟ್ರಾನ್ಸಿಸ್ಟರ್ ಆಸಿಲೇಟರಿಗೆ ಸೇರಿದ್ದು. ಅದರಾಚೆಯ ಡಯೋಡು, ಫಿಲ್ಟರ್ ಕೆಪಾಸಿಟರಿನ ಮೇಲೆ 58 ವೋಲ್ಟ್ ಇತ್ತು. ಇಲ್ಲಿ ಹಲವರು ಎಡವುತ್ತಾರೆ. ಅದೇ ವೋಲ್ಟೇಜನ್ನು ಕ್ಯಾಪ್ಸೂಲಿನ ತಂತಿಯ ಮೇಲೆ ಅಳೆದರೆ ಮೀಟರು ಅರ್ಧ ವೋಲ್ಟ್ ಚಿಲ್ಲರೆ ತೋರಿಸುತ್ತದೆ. ನಡುವೆ 1 ಗಿಗಾ ಓಮಿನ (ನೂರು ಕೋಟಿ ಓಮ್) ರೆಸಿಸ್ಟರ್ ಇದೆ, ಮೀಟರಿನ ಒಳಗೆ 10 ಮೆಗಾ ಓಮ್ ಇದೆ. ನೂರರಲ್ಲಿ ಒಂದು ಪಾಲಷ್ಟೇ ಮೀಟರಿಗೆ ಸಿಗುವುದು. ಕ್ಯಾಪ್ಸೂಲಿಗೆ ವೋಲ್ಟೇಜೇ ಇಲ್ಲ ಎಂದು ಸುರುಳಿ ಬಿಚ್ಚಿ ಹಾಳು ಮಾಡಿದ ಬೋರ್ಡುಗಳು ಸಾಕಷ್ಟಿವೆ.

ಎಲೆಕ್ಟ್ರೋಲೈಟಿಕ್‌ಗಳಲ್ಲಿ ಪಟ್ಟೆಯ ಕಾಲು ಋಣ. ಟಾಂಟಲಂನಲ್ಲಿ ಪಟ್ಟೆಯ ಕಾಲು ಧನ. ಹಿಂದಿನ ರಿಪೇರಿಯಲ್ಲಿ ಹಾಕಿದ್ದ ಮೂರೂ ಸರಿ ದಿಕ್ಕಿನಲ್ಲಿದ್ದವು, ಅಳತೆಯಲ್ಲೂ ಚೆನ್ನಾಗಿದ್ದವು. ಅವನ್ನು ಮುಟ್ಟಲಿಲ್ಲ.

ಮುಂದಿನದು ಗಿಗಾ ಓಮ್ ರೆಸಿಸ್ಟರುಗಳು. ಕಂದು, ಕಪ್ಪು, ಬೂದು, ಆಮೇಲೆ ಬಂಗಾರ: 10ರ ಮುಂದೆ ಎಂಟು ಸೊನ್ನೆ. ಬೂದು ಪಟ್ಟೆ ಬೇರೆಲ್ಲೂ ಗುಣಕದ ಜಾಗದಲ್ಲಿ ಕಾಣುವುದು ಅಪರೂಪವಾದ್ದರಿಂದ ಅದನ್ನು ಬಿಳಿಯೆಂದೋ ಬೆಳ್ಳಿಯೆಂದೋ ಓದಿಬಿಡುತ್ತಾರೆ. ಓಮ್ ರೇಂಜಿನಲ್ಲಿ ಮೀಟರು ತೆರೆದ ಸರ್ಕ್ಯೂಟು ಎಂದೇ ತೋರಿಸುವುದರಿಂದ ಸುಟ್ಟಿದೆ ಎಂದು ಕಿತ್ತೆಸೆಯುವುದೂ ಉಂಟು. ಅಳೆಯುವ ದಾರಿ ಬೇರೆ. ಒಂದು ಕಾಲು ಎತ್ತಿ, ರೆಸಿಸ್ಟರಿನ ಸಾಲಿನಲ್ಲೇ ಮೀಟರನ್ನು ಡಿಸಿ ವೋಲ್ಟ್ ರೇಂಜಿನಲ್ಲಿ ಸೇರಿಸಿ 9 ವೋಲ್ಟ್ ಬ್ಯಾಟರಿ ಕೊಡಬೇಕು. 10 ಮೆಗಾ ಓಮಿನ ಮೀಟರಾದರೆ ಸುಮಾರು 89 ಮಿಲಿವೋಲ್ಟ್ ಬರಬೇಕು. ಈ ಮೈಕಿನ ಎರಡರಲ್ಲೂ 88 ಬಂತು, ರೆಸಿಸ್ಟರುಗಳು ಚೆನ್ನಾಗಿವೆ. ಹಳದಿ ಬಣ್ಣದ ಅಗ್ಗದ ಡಿಟಿ-830 ಮೀಟರಿನ ಒಳಗಿರುವುದು 1 ಮೆಗಾ ಓಮ್ ಮಾತ್ರ, ಅದರಲ್ಲಿ 9 ಮಿಲಿವೋಲ್ಟ್ ಬಂದರೇ ಸರಿ. ರೆಸಿಸ್ಟರಿನ ಮೈಯನ್ನು ಬರಿಗೈಯಲ್ಲಿ ಹಿಡಿಯಬಾರದು, ಬೆರಳಿನ ಎಣ್ಣೆಯೇ ಅದಕ್ಕೊಂದು ಅಡ್ಡದಾರಿ ಮಾಡಿಕೊಡುತ್ತದೆ.

ಎರಡು 102

ಕ್ಯಾಪ್ಸೂಲಿನಿಂದ ಎಫ್‌ಇಟಿಯ ಗೇಟಿಗೆ (ಸಿಗ್ನಲ್ ಒಳಬರುವ ಕಾಲು; ಉಳಿದೆರಡು ಡ್ರೈನ್, ಸೋರ್ಸ್) ಹೋಗುವ ದಾರಿಯಲ್ಲಿ 1000 ಪಿಕೋಫ್ಯಾರಡಿನ ಒಂದು ಕೆಪಾಸಿಟರ್ ಇರುತ್ತದೆ. ಇಲ್ಲಿದ್ದದ್ದು ದುಂಡನೆಯ ಸೆರಾಮಿಕ್ ಡಿಸ್ಕ್, ಮೇಲೆ 102 ಎಂದು ಬರಹ. ಬೆಲೆಯೇನೋ ಸರಿ: 10ರ ಮುಂದೆ ಎರಡು ಸೊನ್ನೆ, ಒಂದು ಸಾವಿರ ಪಿಕೋಫ್ಯಾರಡ್. ಜಾತಿ ತಪ್ಪು. ಆ ಜಾಗದಲ್ಲಿ ಮೂಲತಃ ಇದ್ದದ್ದು ಫಿಲ್ಮ್ ಕೆಪಾಸಿಟರ್ ಎಂದು ಬೋರ್ಡಿನ ಮೇಲಿನ ಉದ್ದ ಚೌಕದ ಗುರುತೇ ಹೇಳುತ್ತಿತ್ತು. ಅಂಥದರ ಮೇಲೆ 2ಎ102ಜೆ ಎಂದಿರುತ್ತದೆ. 2ಎ ಎಂದರೆ 100 ವೋಲ್ಟ್, ಜೆ ಎಂದರೆ ಶೇಕಡಾ 5ರ ಒಳಗಿನ ವ್ಯತ್ಯಾಸ.

ಡಿಸ್ಕ್ ಕೆಪಾಸಿಟರುಗಳಲ್ಲಿ ಹೆಚ್ಚಿನವು ಎರಡನೇ ದರ್ಜೆಯ ಸೆರಾಮಿಕ್. ಈ ವಸ್ತು ನಡುಗಿದರೆ ತಾನೇ ವೋಲ್ಟೇಜು ಹುಟ್ಟಿಸುತ್ತದೆ. ಪವರ್ ಸಪ್ಲೈಯಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಮೈಕಿನ ಗೇಟಿನ ಬಾಯಲ್ಲಿ, 58 ವೋಲ್ಟ್ ಹೊತ್ತುಕೊಂಡು ಕೂತಾಗ ಅದೇ ಇನ್ನೊಂದು ಮೈಕಾಗಿಬಿಡುತ್ತದೆ. ಪ್ಲಾಸ್ಟಿಕ್ ಕಡ್ಡಿಯಿಂದ ಡಿಸ್ಕನ್ನು ಮೆಲ್ಲಗೆ ತಟ್ಟಿದಾಗ ಹೆಡ್‌ಫೋನಿನಲ್ಲಿ ಟಣ್ ಎಂದಿತು. ಪಕ್ಕದ ಭಾಗಗಳನ್ನು ತಟ್ಟಿದರೆ ಇಷ್ಟು ಸದ್ದಿಲ್ಲ. ಬದಲಿಗೆ ಪಾಲಿಪ್ರೊಪಿಲೀನ್ ಫಿಲ್ಮ್ ಅಥವಾ ಈ ಕಾಟವಿಲ್ಲದ ಎನ್‌ಪಿ0 ದರ್ಜೆಯ ಸೆರಾಮಿಕ್ ಆಗುತ್ತದೆ. ಹಳೆಯ ರೇಡಿಯೋಗಳಿಂದ ಕಿತ್ತ ಪಾಲಿಸ್ಟೈರೀನ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದು ಬಿಸಿ ತಾಳುವುದಿಲ್ಲ. ಕಾಲನ್ನು ಚಿಮುಟದಿಂದ ಹಿಡಿದು ಎರಡು ಸೆಕೆಂಡಿನಲ್ಲಿ ಬೆಸುಗೆ ಮುಗಿಸಬೇಕು.

ಕೆ170 ಎಂದು ಬರೆದಿತ್ತು

ಈ ಪ್ರಕರಣದ ತಿರುಳು ಎಫ್‌ಇಟಿ. ಇದರ ಮೇಲೆ ಕೆ170 ಎಂದು ಬರೆದಿತ್ತು, ಎಂದರೆ ತೋಷಿಬಾದ 2ಎಸ್‌ಕೆ170. ತೋಷಿಬಾ ಇದನ್ನು ತಯಾರಿಸುವುದು ನಿಲ್ಲಿಸಿ ಬಹಳ ಕಾಲವಾಗಿದೆ. ಈಗ ಆ ಹೆಸರಿನಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಬೇರೆ ಏನನ್ನೋ ಉಜ್ಜಿ ಹೊಸ ಅಕ್ಷರ ಒತ್ತಿದ ಮಾಲು ಬಹಳ.

ಬರಹವನ್ನು ಬದಿಗಿಟ್ಟು ವೋಲ್ಟೇಜು ನೋಡಬೇಕು. ಈ ಬೋರ್ಡಿನಲ್ಲಿ ಎಫ್‌ಇಟಿಯ ಪೂರೈಕೆ 12 ವೋಲ್ಟ್. ಡ್ರೈನಿಗೂ ಸೋರ್ಸಿಗೂ ತಲಾ 2.4 ಕಿಲೋ ಓಮ್. ಸರಿಯಾಗಿ ನಡೆಯುವಾಗ ಸೋರ್ಸಿನಲ್ಲಿ 3, ಡ್ರೈನಿನಲ್ಲಿ 9 ವೋಲ್ಟ್ ಇರಬೇಕು. ಆಗ ಹರಿಯುವುದು 1.25 ಮಿಲಿ ಆಂಪಿಯರ್. ಸಿಕ್ಕಿದ್ದು ಸೋರ್ಸಿನಲ್ಲಿ 1.95, ಡ್ರೈನಿನಲ್ಲಿ 10.05. ಅಂದರೆ 0.8 ಮಿಲಿ ಆಂಪಿಯರ್ ಚಿಲ್ಲರೆ. ಟ್ರಿಮ್‌ಪಾಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ತಿರುಗಿಸಿ ಗೇಟಿನ ಬಯಾಸ್, ಅಂದರೆ ಅಲ್ಲಿ ಸದಾ ನಿಲ್ಲುವ ವೋಲ್ಟೇಜು, ಏರಿಸಿದರೂ ಸೋರ್ಸ್ ಮೇಲೇಳಲಿಲ್ಲ. ಬಯಾಸ್ ಏರಿಸಿದರೂ ಸೋರ್ಸ್ ಜಾಗ ಬಿಡದಿದ್ದರೆ ಆ ಎಫ್‌ಇಟಿ ತನ್ನ ಕೈಲಾದಷ್ಟು ಕರೆಂಟು ಆಗಲೇ ಕೊಟ್ಟು ಮುಗಿಸಿದೆ ಎಂದರ್ಥ.

ಕಿತ್ತು ಪರೀಕ್ಷಿಸುವ ಕ್ರಮ ಹೀಗೆ. ಡಯೋಡ್ ರೇಂಜಿನಲ್ಲಿ ಕೆಂಪು ಕಡ್ಡಿ ಗೇಟಿಗಿಟ್ಟರೆ ಉಳಿದೆರಡೂ ಕಾಲಿಗೆ 0.7ರ ಸುತ್ತಮುತ್ತ ಬರುತ್ತದೆ. ಎನ್‌ಪಿಎನ್ ಟ್ರಾನ್ಸಿಸ್ಟರಿನಲ್ಲೂ ಹಾಗೇ ಬರುವುದರಿಂದ ಇಷ್ಟಕ್ಕೇ ನಿಲ್ಲಿಸಬಾರದು. ಉಳಿದೆರಡು ಕಾಲುಗಳ ನಡುವೆ ಓಮ್ ಅಳೆಯಬೇಕು: ಎಫ್‌ಇಟಿಯಾದರೆ ಎರಡೂ ದಿಕ್ಕಿನಲ್ಲಿ ಹತ್ತಾರರಿಂದ ಕೆಲವು ನೂರು ಓಮ್, ಟ್ರಾನ್ಸಿಸ್ಟರಾದರೆ ಏನೂ ಇಲ್ಲ. ಆಮೇಲೆ ಗೇಟು, ಸೋರ್ಸು ಸೇರಿಸಿ ಕಟ್ಟಿ, ಡ್ರೈನಿಗೆ ಮಿಲಿ ಆಂಪಿಯರ್ ಮೀಟರಿನ ಮೂಲಕ 9 ವೋಲ್ಟ್ ಬ್ಯಾಟರಿ. ಬಂದದ್ದು 0.8 ಮಿಲಿ ಆಂಪಿಯರ್. 2ಎಸ್‌ಕೆ170ರಲ್ಲಿ ತೀರ ಕೆಳಗಿನ ಜಿಆರ್ ದರ್ಜೆಗೇ 2.6ರಿಂದ 6.5 ಇರಬೇಕು, ಬಿಎಲ್ ಆದರೆ 6ರಿಂದ 12. ಹೆಸರು ಸುಳ್ಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆನ್‌ಲೈನಿನಲ್ಲಿ ಸಿಗುವ ಎಲ್‌ಸಿಆರ್-ಟಿ4 ಟೆಸ್ಟರು ಕೂಡ ಎಫ್‌ಇಟಿಯನ್ನೂ ಅದರ ಕಾಲುಗಳನ್ನೂ ಗುರುತಿಸುತ್ತದೆ. ಗಿಗಾ ಓಮ್ ಮಾತ್ರ ಅದರ ಕೈಗೆ ಎಟುಕದು.

ಇಂಥ ಬಡಕಲು ಎಫ್‌ಇಟಿಯಿಂದ ಸದ್ದು ಯಾಕೆ ಏರುತ್ತದೆ? ಟ್ರಿಮ್‌ಪಾಟ್ ಗೇಟಿಗೆ 2.6 ವೋಲ್ಟ್ ಕೊಡುತ್ತಿತ್ತು. ಸೋರ್ಸು 1.95ಕ್ಕೆ ನಿಂತುಬಿಟ್ಟಿದೆ. ಗೇಟು ಸೋರ್ಸಿಗಿಂತ ಮೇಲೇರಿತು, ಸದಾ ಮುಚ್ಚಿರಬೇಕಾದ ಗೇಟಿನ ಡಯೋಡು ತುಸು ತೆರೆಯಿತು. 1 ಗಿಗಾ ಓಮಿನ ಮೂಲಕ 0.6 ನ್ಯಾನೋ ಆಂಪಿಯರಿನಷ್ಟು ಹರಿಯತೊಡಗಿತು. ಲೆಕ್ಕಕ್ಕೆ ಬಾರದ ಕರೆಂಟು ಅನ್ನಿಸುತ್ತದೆ. ಆದರೆ ಅಷ್ಟು ಕರೆಂಟಿನಲ್ಲಿ ಆ ಡಯೋಡು 40 ಮೆಗಾ ಓಮ್ ಚಿಲ್ಲರೆಯ ರೆಸಿಸ್ಟರಿನಂತೆ ವರ್ತಿಸುತ್ತದೆ. ಕ್ಯಾಪ್ಸೂಲು 60 ಪಿಕೋಫ್ಯಾರಡ್ ಆಸುಪಾಸಿನದು. 1 ಗಿಗಾ ಓಮ್ ಎದುರಿಗಿದ್ದಾಗ 3 ಹರ್ಟ್ಸಿಗಿಂತ ಕೆಳಗೆ ಕಡಿತವಾಗುತ್ತಿದ್ದದ್ದು ಈಗ 60 ಹರ್ಟ್ಸಿನ ಹತ್ತಿರದಿಂದಲೇ ಕಡಿಯುತ್ತದೆ. ತೆಳ್ಳಗಾದ ದನಿಯ ಮೂಲ ಇದು. ಡಯೋಡಿನ ಕರೆಂಟು ತನ್ನದೇ ಸದ್ದನ್ನೂ ಜೊತೆಗೆ ತರುತ್ತದೆ.

ಗೇಟಿಗೆ 1 ಗಿಗಾ ಓಮ್ ಯಾಕೆ, 100 ಮೆಗಾ ಓಮ್ ಹಾಕಿದರೆ ಸದ್ದು ಕಡಿಮೆಯಾಗದೇ ಎಂದು ಕೇಳುವವರಿದ್ದಾರೆ. ಉಲ್ಟಾ. ರೆಸಿಸ್ಟರ್ ದೊಡ್ಡದಾದಷ್ಟೂ ಅದರ ಸದ್ದನ್ನು ಕ್ಯಾಪ್ಸೂಲಿನ ಕೆಪಾಸಿಟನ್ಸು ನಮಗೆ ಕೇಳದ ತೀರ ಕೆಳಗಿನ ಹರ್ಟ್ಸುಗಳಿಗೆ ಒತ್ತಿಬಿಡುತ್ತದೆ. ಚಿಕ್ಕದಾದರೆ ಅದು ಕೇಳುವ ಪಟ್ಟಿಯೊಳಗೆ ಬರುತ್ತದೆ.

ಪಟಪಟದ ಮೂಲ

ಕ್ಯಾಪ್ಸೂಲಿನ ತಂತಿ ಬಿಡಿಸಿ ಆ ಜಾಗಕ್ಕೆ 68 ಪಿಕೋಫ್ಯಾರಡಿನ ಎನ್‌ಪಿ0 ಕೆಪಾಸಿಟರ್ ಹಾಕಿ, ಇಡೀ ಬೋರ್ಡನ್ನು ತಗಡಿನ ಬಿಸ್ಕತ್ತು ಡಬ್ಬಿಯೊಳಗಿಟ್ಟು, ಡಬ್ಬಿಯನ್ನು 1ನೇ ಪಿನ್ನಿಗೆ ಕಟ್ಟಿದೆವು. ಡಬ್ಬಿ ಇಲ್ಲದಿದ್ದರೆ ಕೋಣೆಯ ವೈರಿಂಗಿನ 50 ಹರ್ಟ್ಸ್ ಗುಂಯ್‌ಗುಡುವುದರಲ್ಲಿ ಏನೂ ಕೇಳಿಸದು. ಪಟಪಟ ಹಾಗೇ ಇತ್ತು. ಕ್ಯಾಪ್ಸೂಲು ನಿರಪರಾಧಿ, ದೋಷ ಬೋರ್ಡಿನಲ್ಲಿ. ಹೇರ್ ಡ್ರೈಯರಿನ ಬೆಚ್ಚನೆ ಗಾಳಿ ಹಾಯಿಸಿದಾಗ ಸದ್ದು ನಿಂತಿತು. ಸ್ಟ್ರಾ ಮೂಲಕ ಗೇಟಿನ ಸುತ್ತ ಒಂದು ಉಸಿರು ಬಿಟ್ಟ ಕೂಡಲೇ ಮತ್ತೆ ಶುರು.

ಕಲಬುರಗಿಯ ಬೇಸಿಗೆಯಲ್ಲಿ ತೇವದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹೊರಗೆ 40 ಡಿಗ್ರಿ ದಾಟಿದ ಒಣ ಬಿಸಿಲು. ಆದರೆ ಆ ಕೋಣೆಯಲ್ಲಿ ಟೇಕುಗಳ ನಡುವೆ ಕೂಲರ್ ಓಡುತ್ತಿತ್ತು, ಮೈಕು ಅದರ ಗಾಳಿಗೆ ಎದುರಾಗಿಯೇ ನಿಂತಿತ್ತು. ಕೂಲರಿನ ತೊಟ್ಟಿಗೆ ತುಂಬುತ್ತಿದ್ದದ್ದು ಬೋರ್‌ವೆಲ್ಲಿನ ಗಡಸು ನೀರು. ಪ್ಯಾಡಿನ ಮೇಲೆ ಕಟ್ಟುವ ಬಿಳಿ ಪೊರೆಯದೇ ತೆಳು ಧೂಳು ಬೋರ್ಡಿನ ಮೇಲೂ ಭೂತಗನ್ನಡಿಯಲ್ಲಿ ಕಂಡಿತು. ಅದಕ್ಕಿಂತ ಕೆಟ್ಟದ್ದು ಎಫ್‌ಇಟಿ ಕಾಲುಗಳ ಸುತ್ತ ಹಳದಿಗಟ್ಟಿ ಅಂಟಿದ್ದ ಬೆಸುಗೆ ಪೇಸ್ಟು. ಡಬ್ಬಿಯಲ್ಲಿ ಬರುವ ಕೆಲವು ಪೇಸ್ಟುಗಳಲ್ಲಿ ಸತುವಿನ ಕ್ಲೋರೈಡ್ ಇರುತ್ತದೆ. ಅದು ಗಾಳಿಯಿಂದ ನೀರು ಹೀರಿಕೊಳ್ಳುವ ಉಪ್ಪು. ತಗಡು, ತಾಮ್ರದ ಪಾತ್ರೆ ಬೆಸೆಯಲು ಸರಿ, ಮೈಕಿನ ಗೇಟಿಗೆ ವಿಷ.

ಸೋರಿಕೆಯನ್ನೂ ಅಳೆದದ್ದು ಗಿಗಾ ಓಮಿನ ಉಪಾಯದಿಂದಲೇ. ಎಫ್‌ಇಟಿ, ಗೇಟಿನ ರೆಸಿಸ್ಟರು, 102 ಮೂರನ್ನೂ ತೆಗೆದು, ಗೇಟಿನ ಪ್ಯಾಡಿಗೂ ನೆಲದ ಪ್ಯಾಡಿಗೂ ನಡುವೆ ಬರಿಯ ಬೋರ್ಡಿನ ಮೇಲೆ ಬ್ಯಾಟರಿ, ಮೀಟರು ಹಿಡಿದಾಗ 60 ಮಿಲಿವೋಲ್ಟ್. ಎಂದರೆ ಏನೂ ಇರಬಾರದ ಜಾಗದಲ್ಲಿ 1.5 ಗಿಗಾ ಓಮ್. ಉಸಿರು ಬಿಟ್ಟ ಮೇಲೆ 1.1 ವೋಲ್ಟ್, ಸುಮಾರು 70 ಮೆಗಾ ಓಮಿಗೆ ಇಳಿಯಿತು. ಈ ದಾರಿ ಸ್ಥಿರವಾಗಿರದೆ ಒಣಗುತ್ತ, ನೆನೆಯುತ್ತ ಹೊಯ್ದಾಡುವುದೇ ಪಟಪಟ.

ತೊಳೆತ, ಜೋಡಣೆ

ಕ್ಯಾಪ್ಸೂಲನ್ನು ಕಳಚಿ ಮುಚ್ಚಳದ ಡಬ್ಬಿಗೆ ಹಾಕಿಟ್ಟು, ಬೋರ್ಡನ್ನು ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ನಡೆಯದು, ಅದರಲ್ಲಿನ ಗ್ಲಿಸರಿನ್ ಅಲ್ಲೇ ಉಳಿದು ಮತ್ತೆ ತೇವ ಹಿಡಿಯುತ್ತದೆ. ಥಿನ್ನರ್ ಪ್ಲಾಸ್ಟಿಕ್ ತಿನ್ನುತ್ತದೆ. ಆಲ್ಕೋಹಾಲೊಂದೇ ಸಾಲದು ಕೂಡ: ಗಡಸು ನೀರಿನ ಪುಡಿ ಅದರಲ್ಲಿ ಕರಗುವುದಿಲ್ಲ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಿಂದ ಎರಡನೇ ಸಲ ತಿಕ್ಕಿ, ಕೊನೆಗೆ ಹೊಸ ಆಲ್ಕೋಹಾಲಿನಿಂದ ತೊಳೆದು ನೀರು ಹೊರದೂಡಬೇಕು. ಒಂದೇ ಬಟ್ಟಲಿನ ಆಲ್ಕೋಹಾಲನ್ನು ಮೂರು ಸಲ ಬಳಸಿದರೆ ಕೊಳೆಯನ್ನು ಸಮನಾಗಿ ಹರಡಿದಂತಾಗುತ್ತದೆ, ಅಷ್ಟೇ. ಆಮೇಲೆ ಒಂದು ತಾಸು ಬಲ್ಬಿನ ಬಿಸಿಯಲ್ಲಿ ಒಣಗಿಸಿದ್ದಾಯಿತು. ಅದೇ ಪ್ಯಾಡುಗಳ ನಡುವೆ ಈಗ 1 ಮಿಲಿವೋಲ್ಟ್, ಉಸಿರಿನ ನಂತರ 3.

ಎಫ್‌ಇಟಿಗೆ ಲೀನಿಯರ್ ಇಂಟಿಗ್ರೇಟೆಡ್ ಸಿಸ್ಟಮ್ಸ್‌ನ ಎಲ್‌ಎಸ್‌ಕೆ170ಎ ಆಯ್ಕೆಯಾಯಿತು. ಇದು 2ಎಸ್‌ಕೆ170ಕ್ಕೆ ನೇರ ಬದಲಿ, ದುಬಾರಿ, ಆದರೆ ಅಧಿಕೃತ ವಿತರಕರಿಂದ ತರಿಸಿದರೆ ಮೋಸವಿಲ್ಲ. ಕಲಬುರಗಿಯವರಿಗೆ ಹತ್ತಿರವಾಗುವ ಹೈದರಾಬಾದಿನ ಕೋಠಿ ಗುಜರಾತಿ ಗಲ್ಲಿಯಲ್ಲಿ ರೆಸಿಸ್ಟರು, ಫಿಲ್ಮ್ ಕೆಪಾಸಿಟರು ಧಾರಾಳವಾಗಿ ಸಿಗುತ್ತವೆ. ಕೆ170 ಎಂದು ಕೊಟ್ಟದ್ದನ್ನು ಮಾತ್ರ ಅಂಗಡಿಯಲ್ಲೇ ಬ್ಯಾಟರಿ ಹಿಡಿದು ಅಳೆದೇ ಕೊಳ್ಳುವುದು ಲೇಸು. ಅಸಲಿ 2ಎಸ್‌ಕೆ30ಎ ಜಿಆರ್ ದರ್ಜೆಯದು ಕೈಯಲ್ಲಿದ್ದರೆ ಅದೂ ಇಲ್ಲಿ ಕೆಟ್ಟ ಆಯ್ಕೆಯಲ್ಲ. ಅದರ ಒಳ ಕೆಪಾಸಿಟನ್ಸು 8 ಪಿಕೋಫ್ಯಾರಡ್ ಸುಮಾರು, 170ರದು 30, ಹಾಗಾಗಿ ಕ್ಯಾಪ್ಸೂಲಿನ ಸಿಗ್ನಲ್ಲನ್ನು ಕಡಿಮೆ ನುಂಗುತ್ತದೆ. ಕಾಲು ಮಾತ್ರ ನೋಡಿಕೊಳ್ಳಬೇಕು. 170ರದು ಎಡದಿಂದ ಡ್ರೈನ್, ಗೇಟ್, ಸೋರ್ಸ್. 30ಎದು ಸೋರ್ಸ್, ಗೇಟ್, ಡ್ರೈನ್. ಜೆ201ರಂಥವು ಡ್ರೈನ್, ಸೋರ್ಸ್, ಗೇಟ್. ಅದನ್ನು 170ರ ತೂತುಗಳಿಗೆ ಹಾಗೇ ಕೂರಿಸಿದರೆ ಗೇಟಿನ ಜಾಗಕ್ಕೆ ಸೋರ್ಸು ಬಂದು ಕೂರುತ್ತದೆ.

ಹೊಸದರ ಕರೆಂಟು 4.1 ಮಿಲಿ ಆಂಪಿಯರ್ ಬಂತು. ಡ್ರೈನ್, ಸೋರ್ಸ್ ಕಾಲುಗಳನ್ನು ಬೋರ್ಡಿಗೆ ಬೆಸೆದು, ಗೇಟಿನ ಕಾಲನ್ನು ಮೇಲಕ್ಕೆ ಬಾಗಿಸಿ ಗಾಳಿಯಲ್ಲೇ ಗಿಗಾ ಓಮ್, ಫಿಲ್ಮ್ ಕೆಪಾಸಿಟರುಗಳ ತುದಿಗೆ ಕೂಡಿಸಿದ್ದಾಯಿತು. ಗಾಳಿಯಷ್ಟು ಒಳ್ಳೆಯ ಅವಾಹಕ ಯಾವ ಬೋರ್ಡಿನಲ್ಲೂ ಇಲ್ಲ. ರೋಸಿನ್ ತುಂಬಿದ ಬೆಸುಗೆ ತಂತಿ ಮಾತ್ರ, ಪೇಸ್ಟು ಇಲ್ಲ. ಬೆಸುಗೆ ಕಬ್ಬಿಣಕ್ಕೆ (ಸೋಲ್ಡರಿಂಗ್ ಐರನ್ನಿಗೆ) ಅರ್ಥಿಂಗ್ ಇಲ್ಲದಿದ್ದರೆ ಬೆಸೆಯುವ ಕ್ಷಣಕ್ಕೆ ಪ್ಲಗ್ ಕಿತ್ತುಬಿಡಬೇಕು. ಗೇಟು ಸ್ಥಾಯೀ ವಿದ್ಯುತ್ತಿಗೆ ಸಾಯುತ್ತದೆ. ಬಯಾಸ್ ಹೊಂದಿಸಲು ಗೇಟಿಗೆ ಮೀಟರು ಮುಟ್ಟಿಸಬಾರದು, ಮುಟ್ಟಿಸಿದೊಡನೆ ಬಯಾಸೇ ಬಿದ್ದುಹೋಗುತ್ತದೆ. ಸೋರ್ಸಿನ ಮೇಲೆ ಮೀಟರಿಟ್ಟು ಟ್ರಿಮ್‌ಪಾಟ್ ಮೆಲ್ಲಗೆ ತಿರುಗಿಸಿ 3.0 ವೋಲ್ಟಿಗೆ ತಂದಾಗ ಡ್ರೈನು ತಾನಾಗಿ 9.0ಕ್ಕೆ ಬಂತು.

ಪೆನ್ಸಿಲ್ ಗುರುತಿನ ಗೇನಿನಲ್ಲಿ ಮೌನವನ್ನು ಮತ್ತೆ ಮುದ್ರಿಸಿದಾಗ ಹಿಂದಿನ ಸುಂಯ್ ಮಟ್ಟ 17 ಡೆಸಿಬಲ್ ಇಳಿದಿತ್ತು. ಕೆಳಗಿನ ಗುಡುಗುಡು ಇಲ್ಲ, ಬೋರ್ಡನ್ನು ತಟ್ಟಿದರೂ ಟಣ್ ಎನ್ನದು. ಕ್ಯಾಪ್ಸೂಲು ಮತ್ತೆ ಹಾಕಿ ಎರಡು ತಾಸು ಫ್ಯಾಂಟಮಿನಲ್ಲಿಟ್ಟು, ಕೂಲರಿನ ಎದುರಿಗೇ ನಿಲ್ಲಿಸಿ ನೋಡಿದರೂ ಪಟಪಟ ಬರಲಿಲ್ಲ. ಕೂಲರ್ ಗಾಳಿ ಸೀದಾ ಬಡಿಯದ ಮೂಲೆಗೆ ಸ್ಟ್ಯಾಂಡ್ ಸರಿಸಲು, ಕೆಲಸ ಮುಗಿದ ಮೇಲೆ ಸಿಲಿಕಾ ಜೆಲ್ ಪುಡಿಕೆಯಿರುವ ಡಬ್ಬಿಯಲ್ಲಿ ಮೈಕನ್ನು ಮುಚ್ಚಿಡಲು ಹೇಳಿ ಕೊಟ್ಟದ್ದಾಯಿತು.

ಮುದ್ರಣದಲ್ಲಿ 50 ಹರ್ಟ್ಸಿನ ಒಂದು ತೆಳು ಗೆರೆ ಈಗಲೂ ಉಳಿದಿದೆ. ಮೈಕು ಕಿತ್ತು 150 ಓಮಿನ ರೆಸಿಸ್ಟರನ್ನು ಕೇಬಲಿನ ತುದಿಗೆ ಕಟ್ಟಿದರೂ ಆ ಗೆರೆ ಅಷ್ಟೇ ಇರುತ್ತದೆ. ಅದು ಮನೆಯ ಅರ್ಥಿಂಗಿನ ಬಾಬತ್ತು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಗುಂಡಿಗೆ ನೀರು ಹಾಕಿ, ಕ್ಲ್ಯಾಂಪ್ ಬಿಗಿ ಮಾಡಿ ನೋಡಬೇಕು.